ಗೋಡೆಯಾಚೆಯ ಚೆಂಡು

ಸಿಡ್ನಿಯ ಪೆಂಡಲ್ ಹಿಲ್ ಸ್ಟೇಷನ್ನಿನ ಹತ್ತಿರದ ಇಂಡಿಯನ್ ಅಂಗಡಿಗಳಲ್ಲಿ ಗಂಡಸರು ತಾವಾಗಿ ಕುಂಕುಮ ಕೊಳ್ಳುವುದುಂಟೇ? ಹೆಂಡತಿ ಫೋನಿನಲ್ಲಿ ನೆನಪಿಸಿದರೆ ಒಂದು ಪುಟ್ಟ ಡಬ್ಬಿ ಎತ್ತಿಕೊಂಡಾರು, ಅದೂ ಅಕ್ಕಿ ಬೇಳೆಯ ಜೊತೆಗೆ. ಜೂನ್ ತಿಂಗಳ ಚಳಿಗೆ ಜಾಕೆಟ್ಟಿನೊಳಗೆ ಹುದುಗಿಕೊಂಡು, ಫೋನಿನಲ್ಲಿ ಕನ್ನಡ ಮಾತಾಡುತ್ತ ಬಂದ ಹುಡುಗನೊಬ್ಬ ಬೇರೇನೂ ಬೇಡವೆಂದು ಅರ್ಧ ಕೆಜಿ ಕುಂಕುಮ ಕೇಳಿದಾಗ ಕೌಂಟರಿನಲ್ಲಿದ್ದ ಸತ್ಯನಾರಾಯಣನಿಗೆ ತಮಾಷೆ ಎನಿಸಿತು.

"ಏನಪ್ಪಾ, ಇಲ್ಲೂ ಮಾರಮ್ಮನ ಗುಡಿ ಕಟ್ಟಿಸ್ತಿದೀರಾ?"

"ಇಲ್ಲ ಅಂಕಲ್, ಫುಟ್‌ಬಾಲ್ ಮ್ಯಾಚಿದೆ. ಗೋಲ್ ಪೋಸ್ಟಿಗೆ ಹಚ್ಚಕ್ಕೆ."

"ಎಡಗಡೆ ಕಂಬಕ್ಕಾ?"

ಮಾತು ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡು ಏನು ಪ್ರಯೋಜನ? ಹುಡುಗ ಫೋನು ಕಿವಿಯಿಂದ ತೆಗೆದು ಅವನ ಮುಖವನ್ನೇ ನೋಡುತ್ತ ನಿಂತ.

ಬೆಂಗಳೂರಿನ ಬೈಯಪ್ಪನಹಳ್ಳಿ ಕಡೆಯ ಜಯವರ್ಧಿನಿ ಕಾಲೇಜಿನವರಿಗಲ್ಲದೆ ಲೋಕದಲ್ಲಿ ಇನ್ಯಾರಿಗೂ ಆ ಎಡಗಂಬದ ವಿಷಯ ಗೊತ್ತಿರಲು ಸಾಧ್ಯವಿಲ್ಲ. ಓದಿನಲ್ಲಿ ಆ ಕಾಲೇಜಿನದು ಅಷ್ಟಕ್ಕಷ್ಟೆ. ಫುಟ್‌ಬಾಲಿನಲ್ಲಿ ಮಾತ್ರ ಅದರ ಹೆಸರು ಕೇಳಿದರೆ ಬೇರೆ ಕಾಲೇಜಿನವರ ಗಂಟಲು ಒಣಗುತ್ತಿತ್ತು. ಮೊದಲ ಕ್ಯಾಪ್ಟನ್ ಶ್ರೀಕಂಠಯ್ಯ ಬರಿಗಾಲಲ್ಲಿ ಆಡುತ್ತಿದ್ದ ಕಾಲದಿಂದಲೂ ಆಟಕ್ಕೆ ಮುಂಚೆ ಮೈದಾನದ ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ ಎಡಗಂಬಕ್ಕೆ ಹಚ್ಚುವುದು ಪದ್ಧತಿ. ಬಲಗಂಬ ಏನು ಪಾಪ ಮಾಡಿತ್ತು ಎಂದು ಕೇಳಿದವನನ್ನು ಆಟಕ್ಕೆ ಇಳಿಸದೆ ಪಕ್ಕದಲ್ಲಿ ಕೂರಿಸುತ್ತಿದ್ದರು. ಮೆಲ್ಬರ್ನಿನಲ್ಲಿ ನೆಲೆಸಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಅದೇ ಮಣ್ಣನ್ನು ಬಾಟಲಿಯಲ್ಲಿ ತುಂಬಿಕೊಂಡು ಬಂದನಂತೆ. ಏರ್‌ಪೋರ್ಟಿನವರು ಅದನ್ನು ಕಸದ ಡಬ್ಬಕ್ಕೆ ಹಾಕಿ, ಹೊರದೇಶದ ಮಣ್ಣು ಈ ದೇಶದೊಳಗೆ ತರಬಾರದೆಂದು ಬುದ್ಧಿ ಹೇಳಿ ಕಳಿಸಿದರು. ಅಂದಿನಿಂದ ಮಣ್ಣು ಹೋಗಿ ಕುಂಕುಮ ಬಂತು. ಸಂಪ್ರದಾಯಕ್ಕೇನು, ಸಿಕ್ಕಿದ್ದರಲ್ಲಿ ಸಂಸಾರ ತೂಗಿಸುವುದು ಅದಕ್ಕೂ ಗೊತ್ತು.

ಹುಡುಗನ ಹೆಸರು ಅಭಿನಂದನ್. ಇಲ್ಲೇ ನೆಲೆಸಲು ಪಿಆರ್ ಸಿಕ್ಕಿ ಎರಡು ವರ್ಷವಾಗಿತ್ತು, ಚಾಟ್ಸ್‌ವುಡ್‌ನಲ್ಲಿ ಕೆಲಸ. ಪ್ರತಿ ವರ್ಷ ಜೂನಿನ ಲಾಂಗ್ ವೀಕೆಂಡಿನಲ್ಲಿ ಸಿಡ್ನಿಯ ಜಯವರ್ಧಿನಿಯವರಿಗೂ ಮೆಲ್ಬರ್ನಿನ ಜಯವರ್ಧಿನಿಯವರಿಗೂ ಪಂದ್ಯ ನಡೆಯುತ್ತದೆ, ಈ ಸಲ ಮೆಲ್ಬರ್ನಿನಲ್ಲಿ, ತಮ್ಮ ಕಡೆ ಒಬ್ಬ ಕಡಿಮೆ ಬಿದ್ದಿದ್ದಾನೆ ಎಂದು ಒಂದೇ ಉಸಿರಿನಲ್ಲಿ ಹೇಳಿದ.

"ನೀವು ಯಾವ ಬ್ಯಾಚ್ ಅಂಕಲ್?"

"ನಾನು ಸ್ವಲ್ಪ ದಿನ ಇದ್ದೆ ಅಷ್ಟೆ. ಮುಗಿಸ್ಲಿಲ್ಲ."

"ಪರವಾಗಿಲ್ಲ, ಮಣ್ಣು ಮುಟ್ಟಿದೀರಲ್ಲ, ಸಾಕು. ಮೆಲ್ಬರ್ನಲ್ಲಿರೋ ನಮ್ಮ ಶ್ರೀನಾಥ್ ಸರ್‌ಗೆ ಗೊತ್ತಾದ್ರೆ ಎಷ್ಟು ಖುಷಿ ಪಡ್ತಾರೆ ಗೊತ್ತಾ? ಇಲ್ಲಿ ಈ ಮ್ಯಾಚ್ ಶುರು ಮಾಡಿದ್ದೇ ಅವರು."

ಶ್ರೀನಾಥ್ ಎಂಬ ಹೆಸರು ಕೇಳಿದ್ದೇ ಸತ್ಯನಾರಾಯಣ ತೂಕ ಮಾಡುತ್ತಿದ್ದ ಕುಂಕುಮವನ್ನು ಕೌಂಟರಿನ ಮೇಲೆಲ್ಲ ಚೆಲ್ಲಿದ.

ಈಗ ಸತ್ಯ, ಸತ್ಯ ಅಂಕಲ್ ಎಂದು ಕರೆಸಿಕೊಳ್ಳುವ ಈ ಮನುಷ್ಯನ ಪೂರ್ತಿ ಹೆಸರು ಸತ್ಯನಾರಾಯಣ ಮೂರ್ತಿ. ಜಯವರ್ಧಿನಿಯಲ್ಲಿ ಅವನು ಬರೀ ಮೂರ್ತಿ. ಶ್ರೀನಾಥ್ ಅಲ್ಲಿನ ಕ್ಯಾಪ್ಟನ್, ಇವನ ಪಾಲಿಗೆ ಸೀನ. ಒಂದೇ ರೂಮು, ಒಂದೇ ಬಕೆಟ್ಟು, ಒಂದೇ ಜೊತೆ ಬೂಟು. ಆ ಬೂಟನ್ನು ಆಡುವ ದಿನ ಯಾರಿಗೆ ಹೆಚ್ಚು ಬೇಕೋ ಅವರು ಹಾಕಿಕೊಳ್ಳುತ್ತಿದ್ದರು. ಎಂಬತ್ತೇಳರ ಇಂಟರ್ ಕಾಲೇಜ್ ಫೈನಲ್ ತಮ್ಮದೇ ಮೈದಾನದಲ್ಲಿ ಬಿತ್ತು. ಒಂದು ಗೋಲು ಹಿಂದೆ, ಆಟ ಇನ್ನೇನು ಮುಗಿಯಿತು ಎನ್ನುವಾಗ ಪೆನಾಲ್ಟಿ ಸಿಕ್ಕಿತು. ಕ್ಯಾಪ್ಟನ್ ಒದೆಯಬೇಕಾದದ್ದು. ಅವನು ಚೆಂಡನ್ನು ಮೂರ್ತಿಯ ಕೈಗೆ ಕೊಟ್ಟ. ಮೂರ್ತಿ ಒದ್ದದ್ದು ಕಂಬದ ಮೇಲೆ ಹಾರಿ, ಕಾಂಪೌಂಡ್ ಗೋಡೆಯನ್ನೂ ದಾಟಿ, ರೈಲು ಹಳಿಯ ಕಡೆ ಬಿತ್ತು. ರೆಫರಿ ಪೀಪಿ ಊದಿಬಿಟ್ಟ.

ಗೋಡೆಯಾಚೆ ಒದ್ದವನೇ ಚೆಂಡು ತರಬೇಕೆಂಬುದು ಜಯವರ್ಧಿನಿಯ ಇನ್ನೊಂದು ಪದ್ಧತಿ. ಮೂರ್ತಿ ಗೋಡೆ ಹತ್ತುತ್ತಿದ್ದಾಗ ಹಿಂದಿನಿಂದ ಸೀನ ಕೂಗಿದ್ದು ಇಡೀ ಮೈದಾನಕ್ಕೆ ಕೇಳಿಸಿತ್ತು. "ಚೆಂಡಿಲ್ದೆ ಈ ಕಡೆ ಮುಖ ಹಾಕ್ಬೇಡ."

ಚೆಂಡು ಹಳಿಯಾಚೆ ಲಂಟಾನದ ಪೊದೆಯಲ್ಲಿ ಸಿಕ್ಕಿಕೊಂಡಿತ್ತು. ಮುಳ್ಳು ತರಚಿಸಿಕೊಂಡು ಬಿಡಿಸಿ, ವಾಪಸು ಗೋಡೆ ಹತ್ತಿ ನೋಡುತ್ತಾನೆ, ಎಲ್ಲರೂ ಬೆನ್ನು ಹಾಕಿ ಹೊರಟಿದ್ದಾರೆ. ಸೀನ ಎಲ್ಲರಿಗಿಂತ ಮುಂದೆ. ಒಬ್ಬನಾದರೂ ತಿರುಗಿ ನೋಡುತ್ತಾನೇನೋ ಎಂದು ಮೂರ್ತಿ ಗೋಡೆಯ ಮೇಲೆಯೇ ಕೂತು ಕಾದ. ಯಾರೂ ನೋಡಲಿಲ್ಲ. ಅವನು ಆಚೆ ಕಡೆಗೇ ಇಳಿದ. ಹಳಿ ಹಿಡಿದು ಸ್ಟೇಷನ್ನಿಗೆ ಹೋಗಿ, ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಅರಸೀಕೆರೆಯ ಸೋದರಮಾವನ ಮನೆಗೆ ಹೋಗುವ ರೈಲು ಹತ್ತಿದ. ಪರೀಕ್ಷೆಗೂ ಬರಲಿಲ್ಲ. ಅಲ್ಲಿಂದ ಹುಬ್ಬಳ್ಳಿ, ಆಮೇಲೆ ಮಸ್ಕತ್, ಮದುವೆಯಾದ ಮೇಲೆ ಹೆಂಡತಿ ಅರುಂಧತಿಯ ಸ್ಕಿಲ್ಡ್ ವೀಸಾದ ಬಾಲ ಹಿಡಿದು ಸಿಡ್ನಿ. ಆ ಹೆಂಡತಿಗೂ ಈ ವಿಷಯ ಹೇಳಿರಲಿಲ್ಲ. ಒಂದು ಒದೆತ ತಪ್ಪಿತೆಂದು ಓದು ಬಿಟ್ಟು ಓಡಿದವನನ್ನು ಯಾರು ತಾನೆ ಗಂಡಸು ಅಂದಾರು?

"ಈ ವಯಸ್ಸಲ್ಲಿ ಫುಟ್‌ಬಾಲಾ?" ಎಂದಳು ಅರುಂಧತಿ. "ಮಂಡಿ ಮುರ್ಕೊಂಡ್ರೆ ಅಂಗಡಿಯವರು ಸಂಬಳ ಕೊಡಲ್ಲ, ತಿಳ್ಕೊಳ್ಳಿ."

"ಹೋಗಿ ಬರ್ತೀನಿ," ಎಂದ. "ಹಳೇ ಪರಿಚಯದವರಿದಾರೆ."

ಅವನಿಗೆ ಬೇಕಾಗಿದ್ದದ್ದು ಇಷ್ಟೇ. ಸೀನ ಒಂದು ಸಲ ತಿರುಗಿ ತನ್ನ ಮುಖ ನೋಡಬೇಕು. ಬೈದರೂ ಸರಿ, ಕೆನ್ನೆಗೆ ಹೊಡೆದರೂ ಸರಿ.

ಶನಿವಾರ ಬೆಳಿಗ್ಗೆ ಬಾಡಿಗೆ ವ್ಯಾನು ಹ್ಯೂಮ್ ಹೈವೇ ಹಿಡಿಯಿತು. ಅದು ವರ್ಲ್ಡ್ ಕಪ್ಪಿನ ವರ್ಷ, ದಾರಿಯಲ್ಲಿ ಓಡುವ ಕಾರುಗಳಿಗೆಲ್ಲ ಆಸ್ಟ್ರೇಲಿಯಾ ತಂಡದ ಹಸಿರು ಹಳದಿ ಬಾವುಟ. ವ್ಯಾನಿನೊಳಗಿನ ಹುಡುಗರಿಗೆ ಅದರ ಪರಿವೆಯೇ ಇರಲಿಲ್ಲ. ಅವರಿಗೆ ತಮ್ಮ ಕಾಲೇಜಿನ ಪುರಾಣವೇ ಸಾಕಾಗಿತ್ತು. ಶ್ರೀಕಂಠಯ್ಯನ ಬರಿಗಾಲಿನಿಂದ ಶುರುವಾದದ್ದು ಗೌಲ್ಬರ್ನ್ ದಾಟುವಷ್ಟರಲ್ಲಿ ಎಂಬತ್ತೇಳಕ್ಕೆ ಬಂತು. ಸತ್ಯನಾರಾಯಣ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತ.

"ಅಂಕಲ್, ನಿಮಗೆ ಮೂರ್ತಿ ಕಿಕ್ ಗೊತ್ತಿರ್ಬೇಕಲ್ಲ?" ಎಂದು ಅಭಿನಂದನ್ ಸ್ಟೀರಿಂಗ್ ಹಿಡಿದುಕೊಂಡೇ ಕೇಳಿದ.

"ಇಲ್ಲಪ್ಪ."

"ಅಯ್ಯೋ, ಅದೇ ಮೇನ್ ಅಲ್ವಾ? ಮೂರ್ತಿ ಅಂತ ಒಬ್ರಿದ್ರು. ಅಂಥ ಪ್ಲೇಯರ್ ನಮ್ಮ ಕಾಲೇಜಲ್ಲಿ ಮತ್ತೆ ಹುಟ್ಲೇ ಇಲ್ವಂತೆ. ಫೈನಲ್ ಪೆನಾಲ್ಟಿ. ಒದ್ರು, ಸರಿಯಾಗೇ ಒದ್ರು, ಆದ್ರೆ ಗಾಳಿ."

ಗಾಳಿ ಎಲ್ಲಿತ್ತು? ಅವತ್ತು ಒಂದು ಎಲೆ ಅಲುಗುತ್ತಿರಲಿಲ್ಲ.

"ಚೆಂಡು ರೈಲ್ವೆ ಟ್ರ್ಯಾಕಿಗೆ ಹೋಯ್ತು," ಎಂದು ಹಿಂದಿನ ಸೀಟಿನಿಂದ ಅಮೃತ್ ಮುಂದುವರಿಸಿದ. ಅವನು ಎಲ್ಲರಿಗಿಂತ ಚಿಕ್ಕವನು. "ಶ್ರೀನಾಥ್ ಸರ್ ಕೂಗಿದ್ರಂತೆ, ಚೆಂಡು ಹಾಳಾಗಿ ಹೋಗ್ಲಿ, ನೀನು ಬಾರೋ ಮೂರ್ತಿ ಅಂತ. ಅವರು ಕೇಳ್ಲಿಲ್ಲ. ಗೋಡೆ ಹಾರಿದ್ರು. ವಾಪಸ್ ಬರ್ಲೇ ಇಲ್ಲ."

"ಬರ್ಲಿಲ್ಲ ಅಂದ್ರೆ?"

"ರೈಲು ಅಂಕಲ್. ಬಾಡಿ ಗುರ್ತು ಸಿಗೋ ಹಾಗೇ ಇರ್ಲಿಲ್ಲ. ಶ್ರೀನಾಥ್ ಸರ್ ಕತ್ತಲಾಗೋವರೆಗೂ ಗೋಡೆ ಹತ್ರಾನೇ ನಿಂತಿದ್ರಂತೆ."

ಸತ್ಯನಾರಾಯಣನಿಗೆ ಮೊದಲು ನಗು ಬಂತು. ಯಾರದೋ ಅನಾಥ ಹೆಣಕ್ಕೆ ತನ್ನ ಹೆಸರಿಟ್ಟು ಈ ಹುಡುಗರು ಇಷ್ಟು ವರ್ಷ ಗೌರವ ಸಲ್ಲಿಸುತ್ತ ಬಂದಿದ್ದಾರೆ. ಬದುಕಿದ್ದ ಮೂರ್ತಿಯನ್ನು ಯಾರೂ ಹೀಗೆ ಹೊಗಳಿರಲಿಲ್ಲ. ಆದರೆ ಸೀನ ಹೇಳಿದ ಆ ಸುಳ್ಳು? ಬಾರೋ ಅಂದನಂತೆ. ಕತ್ತಲಾಗುವವರೆಗೆ ನಿಂತಿದ್ದನಂತೆ. ನಾನೇ ಕಣ್ರೋ ಆ ಮೂರ್ತಿ ಎಂದು ಆಗಲೇ ಹೇಳಿಬಿಡಬಹುದಿತ್ತು. ಹೇಳಿದರೆ ಇವರಿಗೆ ಉಳಿಯುವುದೇನು? ಸೋತು ಓಡಿಹೋಗಿ ಪೆಂಡಲ್ ಹಿಲ್‌ನಲ್ಲಿ ಬೇಳೆ ತೂಗುವ ಒಬ್ಬ ಬೋಳುತಲೆಯವನು.

"ಅದಕ್ಕೇ ಪ್ರತಿ ವರ್ಷ ಹೊಸದಾಗಿ ಬಂದವರು ಮೂರ್ತಿ ಕಿಕ್ ಮಾಡ್ಬೇಕು," ಎಂದ ಅಭಿನಂದನ್. "ಬೇಕಂತಲೇ ಗೋಲ್ ಮೇಲಿಂದ ಆಚೆ ಒದೀಬೇಕು, ತಾವೇ ಹೋಗಿ ತರ್ಬೇಕು. ಅಲ್ಲಿವರೆಗೂ ನಾವೆಲ್ಲ ಬೆನ್ನು ತಿರುಗಿಸಿ ನಿಂತಿರ್ತೀವಿ. ಸತ್ತೋರು ಬರೋದು ನೋಡ್ಬಾರ್ದಲ್ಲ. ಶ್ರೀನಾಥ್ ಸರ್, ಬಂದ್ಯಾ ಮೂರ್ತಿ ಅಂತ ಕೇಳ್ತಾರೆ. ಬಂದೆ, ಚೆಂಡು ತಂದಿದೀನಿ ಅನ್ಬೇಕು. ಆಗ ಎಲ್ಲರೂ ತಿರುಗಿ ತಬ್ಕೋತೀವಿ. ಅವತ್ತಿಂದ ಅವರು ನಮ್ಮವರು. ಈ ಸಲ ಹೊಸಬ್ರು ನೀವೇ ಅಂಕಲ್."

ಗಂಡಾಗೈನಲ್ಲಿ ಪೆಟ್ರೋಲಿಗೆ ನಿಲ್ಲಿಸಿದಾಗ ಸತ್ಯನಾರಾಯಣ ಟಾಯ್ಲೆಟ್ಟಿಗೆ ಹೋಗಿ ನಲ್ಲಿ ತಿರುಗಿಸಿ ಸದ್ದು ಕೇಳದಂತೆ ಅತ್ತ. ಅತ್ತದ್ದು ಯಾತಕ್ಕೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಸತ್ತದ್ದಕ್ಕೋ ಬದುಕಿರುವುದಕ್ಕೋ, ಎರಡೂ ಸೇರಿಯೋ.

ಮೆಲ್ಬರ್ನಿನ ಆ ಪಾರ್ಕು ಲೋಕಲ್ ರೈಲಿನ ಹಳಿಗೆ ಅಂಟಿಕೊಂಡೇ ಇತ್ತು. ಬೇಕೆಂದೇ ಹುಡುಕಿದ ಜಾಗ. ಭಾನುವಾರ ಬೆಳಿಗ್ಗೆ ಹುಲ್ಲಿನ ಮೇಲೆಲ್ಲ ಇಬ್ಬನಿ, ಬೀಸಿದರೆ ಮೂಳೆ ಕೊರೆಯುವ ಗಾಳಿ. ಎಡಗಂಬಕ್ಕೆ ಕುಂಕುಮ ಹಚ್ಚಿ ಆಗಿತ್ತು. ಅದರ ಬುಡದಲ್ಲಿ ಪೇಪರ್ ಪ್ಲೇಟಿನಲ್ಲಿ ಮೊಸರನ್ನ, ಒಂದು ಹಪ್ಪಳ. ಅದನ್ನು ತಂದಿಟ್ಟ ಹೆಂಗಸು ಶ್ರೀನಾಥನ ಹೆಂಡತಿ ಸಂಯುಕ್ತಾ.

"ಇದು ಯಾರಿಗಮ್ಮ?" ಎಂದು ಸತ್ಯನಾರಾಯಣ ಕೇಳಿದ.

"ಇವರ ಫ್ರೆಂಡ್ ಮೂರ್ತಿ ಅಂತ ಇದ್ರಂತೆ, ಅವರಿಗೆ. ಪಾಪ, ಮೊಸರನ್ನ ಅಂದ್ರೆ ಪ್ರಾಣ ಬಿಡ್ತಿದ್ರಂತೆ. ಇವರಂತೂ ಇವತ್ತು ಮ್ಯಾಚ್ ಮುಗಿಯೋವರೆಗೂ ಒಂದು ತೊಟ್ಟು ಕಾಫಿನೂ ಮುಟ್ಟಲ್ಲ."

ಮೊಸರನ್ನ ಪ್ರಾಣವಾಗಿದ್ದದ್ದು ನಿಜ. ಸೀನನ ತಟ್ಟೆಯಿಂದಲೂ ಕಿತ್ತು ತಿನ್ನುತ್ತಿದ್ದ. ಅವನು ನೋಡುತ್ತಿದ್ದಂತೆಯೇ ಕಪ್ಪು ಬಿಳುಪಿನ ಮ್ಯಾಗ್‌ಪೈ ಹಕ್ಕಿಯೊಂದು ಬಂದು ಹಪ್ಪಳ ಕಚ್ಚಿಕೊಂಡು ಹಾರಿತು. ಈ ದೇಶದಲ್ಲಿ ಎಡೆ ತಿನ್ನಲು ಕಾಗೆಗೆ ಮುಂಚೆ ಅದೇ ಬರುತ್ತದೆ.

ಶ್ರೀನಾಥ್ ದೂರದಲ್ಲಿ ಹುಡುಗರಿಗೆ ಜೆರ್ಸಿ ಹಂಚುತ್ತಿದ್ದ. ತಲೆ ಬೆಳ್ಳಗಾಗಿತ್ತು, ಬಲಗಾಲು ಸ್ವಲ್ಪ ಎಳೆಯುತ್ತಿತ್ತು. ಸರದಿ ಬಂದಾಗ ಸತ್ಯನಾರಾಯಣ ಎದುರಿಗೆ ಹೋಗಿ ನಿಂತ. ಶ್ರೀನಾಥ್ ತಲೆ ಎತ್ತದೆ, "ಹೊಸಬ್ರಾ? ಎಕ್ಸ್ಟ್ರಾ ಲಾರ್ಜ್ ಬೇಕಾಗುತ್ತೆ," ಎಂದು ಮೆರೂನ್ ಜೆರ್ಸಿಯೊಂದನ್ನು ಅವನ ಕೈಯಲ್ಲಿಟ್ಟು ಮುಂದಿನವನ ಕಡೆ ತಿರುಗಿದ. ಕನ್ನಡಕ, ಬೋಳುತಲೆ, ಹೊಟ್ಟೆ. ತಲೆ ಎತ್ತಿದ್ದರೂ ಗುರುತು ಹಿಡಿಯುತ್ತಿದ್ದನೋ ಇಲ್ಲವೋ.

ಚೆಂಡನ್ನು ಪೆನಾಲ್ಟಿ ಜಾಗದಲ್ಲಿಟ್ಟರು. ಎರಡೂ ಊರಿನವರು ಸಾಲಾಗಿ ನಿಂತರು. ಈ ಒದೆತವನ್ನು ಸತ್ಯನಾರಾಯಣ ಕನಸಿನಲ್ಲಿ ಎಷ್ಟೋ ಸಲ ಒದ್ದಿದ್ದ, ಕನಸಿನಲ್ಲಿ ಪ್ರತಿ ಸಲವೂ ಗೋಲು. ಈಗ ಬೇಕೆಂದೇ ತಪ್ಪಿಸಬೇಕು. ಒದ್ದ. ಚೆಂಡು ಥೇಟ್ ಅವತ್ತಿನ ಹಾಗೆಯೇ ಕಂಬದ ಮೇಲೆ ಹಾರಿ ಬೇಲಿಯಾಚೆಯ ಇಳಿಜಾರಿಗೆ ಬಿತ್ತು. ಹುಡುಗರು ಚಪ್ಪಾಳೆ ತಟ್ಟಿ ಬೆನ್ನು ತಿರುಗಿಸಿದರು.

ಬೇಲಿ ದಾಟುವುದಕ್ಕೆ ಈಗ ಮಂಡಿ ಸಹಕರಿಸಲಿಲ್ಲ, ಸುತ್ತು ಹಾಕಿ ಇಳಿದ. ಚೆಂಡು ಒದ್ದೆ ಹುಲ್ಲಿನಲ್ಲಿ ಬಿದ್ದಿತ್ತು. ಅದನ್ನೆತ್ತಿಕೊಂಡು ದಿಬ್ಬ ಹತ್ತಿ ಬಂದವನು ಅಲ್ಲೇ ನಿಂತುಬಿಟ್ಟ. ಎದುರಿಗೆ ಮೆರೂನ್ ಬಣ್ಣದ ಬೆನ್ನುಗಳು. ನಡುವೆ ಸೀನನ ಬೆನ್ನು. ಅದೇ ನೋಟ. ಬೆನ್ನ ಹಿಂದಿನ ಸ್ಟೇಷನ್ನಿಗೆ ರೈಲು ಬಂದು ನಿಂತ ಸದ್ದಾಯಿತು. ಹೋಗಿ ಹತ್ತಿಬಿಡೋಣವೇ ಎಂದು ಒಂದು ಕ್ಷಣ ನಿಜವಾಗಿಯೂ ಅನಿಸಿತು. ಅವತ್ತು ಮಾಡಿದ ತಪ್ಪನ್ನು ಇವತ್ತು ಮಾಡಬಾರದೆಂದು ಗಟ್ಟಿ ಮಾಡಿಕೊಂಡು ಬೆನ್ನುಗಳ ಹತ್ತಿರಕ್ಕೆ ನಡೆದ.

"ಬಂದ್ಯಾ ಮೂರ್ತಿ?" ಎಂದು ಶ್ರೀನಾಥ್ ತಿರುಗದೆ ಕೇಳಿದ. ದನಿ ಗದ್ಗದವಾಗಿತ್ತು. ಅದು ನಟನೆಯಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು.

"ಬಂದಿದ್ದೆ ಕಣೋ ಸೀನ," ಎಂದ ಮೂರ್ತಿ. "ಅವತ್ತೇ ಬಂದಿದ್ದೆ. ಚೆಂಡು ತಗೊಂಡು ಗೋಡೆ ಹತ್ತಿ ಕೂತಿದ್ದೆ. ನೀವ್ಯಾರೂ ತಿರುಗಿ ನೋಡ್ಲಿಲ್ಲ."

ಹುಡುಗರಿಗೆ ರೋಮಾಂಚನವಾಯಿತು. ಹೊಸ ಅಂಕಲ್ ಮಾತು ಸೇರಿಸಿಕೊಂಡು ಹೇಳುತ್ತಿದ್ದಾರೆ, ಭೇಷ್ ಎಂದುಕೊಂಡು ಓಡಿ ಬಂದು ತಬ್ಬಿಕೊಂಡರು, ಎತ್ತಿ ಕುಣಿಸಿದರು. ಅವರ ತಲೆಗಳ ಸಂದಿಯಿಂದ ಮೂರ್ತಿ ನೋಡುತ್ತಲೇ ಇದ್ದ. ಸೀನ ಎಂದು ಅವನನ್ನು ಕರೆಯುತ್ತಿದ್ದವನು ಲೋಕದಲ್ಲಿ ಒಬ್ಬನೇ. ಶ್ರೀನಾಥನ ಕೈಯಲ್ಲಿದ್ದ ಪೀಪಿ ಕೆಳಗೆ ಬಿತ್ತು. ಅವನು ತಿರುಗಲಿಲ್ಲ. ಪೀಪಿಯನ್ನೂ ಎತ್ತಿಕೊಳ್ಳದೆ ಕಾಲೆಳೆಯುತ್ತ ಮೈದಾನದ ಆಚೆ ತುದಿಗೆ ನಡೆದುಹೋದ.

ಆಟ ನಡೆಯಿತು. ಸಿಡ್ನಿಯವರು ಗೆದ್ದರು ಎಂದು ಆಮೇಲೆ ಯಾರೋ ಹೇಳಿದ್ದರಿಂದ ಮೂರ್ತಿಗೆ ಗೊತ್ತಾಯಿತು. ಪುಳಿಯೋಗರೆ, ಬೋಂಡಾ, ಫ್ಲಾಸ್ಕಿನ ಕಾಫಿ. ಶ್ರೀನಾಥ್ ಏನನ್ನೂ ಮುಟ್ಟಲಿಲ್ಲ. ಹೊರಡುವ ಹೊತ್ತಿಗೆ ಅವನು ಕಾರ್ ಪಾರ್ಕಿನಲ್ಲಿ ಒಬ್ಬನೇ ಡಿಕ್ಕಿ ತೆರೆದು, ಜೆರ್ಸಿಗಳನ್ನು ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿದ್ದ. ಮೂರ್ತಿ ಹಿಂದೆ ಹೋಗಿ ನಿಂತ.

"ಚೆಂಡು ಸಿಕ್ಕಿತ್ತಾ?" ಎಂದು ಶ್ರೀನಾಥ್ ಡಿಕ್ಕಿಯೊಳಗೇ ನೋಡುತ್ತ ಕೇಳಿದ.

"ಸಿಕ್ಕಿತ್ತು. ಅರಸೀಕೆರೆಲಿ ಮಾವನ ಮನೆ ಅಟ್ಟದ ಮೇಲಿತ್ತು. ಇಲಿ ಕಡಿದ್ಹಾಕ್ತು."

"ಒಂದು ಕಾರ್ಡು ಬರೀಬೇಕು ಅನ್ನಿಸ್ಲಿಲ್ವಾ ನಿಂಗೆ?"

"ಮುಖ ಹಾಕ್ಬೇಡ ಅಂದಿದ್ದೆಯಲ್ಲ."

ಶ್ರೀನಾಥನ ಕೈ ನಿಂತಿತು. "ಆ ಹೆಣದ ಹತ್ರ ನಾನು ಹೋಗಿದ್ದೆ," ಎಂದ ಸಣ್ಣ ದನಿಯಲ್ಲಿ. "ನೀನೇ ಅಂದ್ಕೊಂಡೆ. ಆ ಮಾತು ನಾನಂದಿದ್ದು ಅಂತ ನೆನೆಸಿಕೊಂಡ್ರೆ ಅನ್ನ ಇಳೀತಿರ್ಲಿಲ್ಲ. ಅದಕ್ಕೇ ಬೇರೆ ಥರ ಹೇಳಿದೆ. ಹೇಳಿ ಹೇಳಿ ಈಗ ನಂಗೂ ಹಂಗೇ ನೆನಪು. ವರ್ಷ ವರ್ಷ ನಿನ್ನ ತಿಥಿ ಮಾಡಿದೀನಿ ಕಣೋ. ಈ ಹುಡುಗ್ರು ನನ್ನನ್ನ ಏನಂತ ತಿಳ್ಕೊಂಡಿದಾರೆ ನೋಡಿದೆಯಲ್ಲ. ಇನ್ಮೇಲೆ ಅವರಿಗೇನು ಹೇಳ್ಲಿ?"

"ಏನೂ ಹೇಳ್ಬೇಡ. ಒಂದ್ಸಲ ಈ ಕಡೆ ನೋಡು, ಸಾಕು."

ಶ್ರೀನಾಥ್ ನೋಡಲಿಲ್ಲ. ನೋಡಿಬಿಟ್ಟರೆ ತಾನು ಕಟ್ಟಿಕೊಂಡು ಬಂದದ್ದೆಲ್ಲ ಬಿದ್ದುಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಮೂರ್ತಿಗೂ ಗೊತ್ತಿತ್ತು, ಆದರೂ ಕಾದ. ಗೋಡೆಯ ಮೇಲೆ ಕಾದಷ್ಟೇ ಹೊತ್ತು ಕಾದ.

ಅಷ್ಟರಲ್ಲಿ ಅಭಿನಂದನ್ ವ್ಯಾನಿನ ಕೀ ಆಡಿಸುತ್ತ ಬಂದ. "ಹೊರಡೋಣ್ವಾ ಅಂಕಲ್? ಸರ್, ಹೇಗಿದಾರೆ ನಮ್ಮ ಹೊಸಬ್ರು?"

ಶ್ರೀನಾಥ್ ಕಣ್ಣೊರೆಸಿಕೊಂಡು ತಿರುಗಿದ. ಮೂರ್ತಿಯ ಮುಖವನ್ನು ನೇರವಾಗಿ ನೋಡಿದ, ದಾರಿಯಲ್ಲಿ ಸಿಕ್ಕವರನ್ನು ನೋಡುವ ಹಾಗೆ. ಕೈ ಮುಂದೆ ಚಾಚಿದ.

"ಬಂದಿದ್ದಕ್ಕೆ ಥ್ಯಾಂಕ್ಸ್ ಸತ್ಯ ಅವರೇ. ದೂರದ ದಾರಿ, ವಯಸ್ಸೂ ಆಗಿದೆ. ಮುಂದಿನ ವರ್ಷ ತೊಂದ್ರೆ ತಗೋಬೇಡಿ."

ಮೂರ್ತಿ ಆ ಕೈ ಕುಲುಕಿದ. ತಣ್ಣಗಿತ್ತು. ಸರಿ ಎಂದಷ್ಟೇ ಹೇಳಿ ವ್ಯಾನು ಹತ್ತಿದ. ಕಿಟಕಿಯಿಂದ ಕಂಡದ್ದು ಡಿಕ್ಕಿಯ ಕಡೆ ಬಗ್ಗಿದ ಬೆನ್ನೊಂದೇ. ಗೋಲಿನ ಬುಡದಲ್ಲಿ ಖಾಲಿ ಪ್ಲೇಟು ಗಾಳಿಗೆ ಮಗುಚಿ ಬಿದ್ದಿತ್ತು.

ಊರು ದಾಟಿ ಹೈವೇಗೆ ಬಂದ ಮೇಲೂ ಹುಡುಗರ ಗದ್ದಲ ನಿಲ್ಲಲಿಲ್ಲ. ಅಭಿನಂದನ್ ಕನ್ನಡಿಯಲ್ಲಿ ನೋಡುತ್ತ, "ಅಂಕಲ್, ನಾನು ನಾಲ್ಕು ವರ್ಷದಿಂದ ನೋಡ್ತಿದೀನಿ, ನಿಮ್ಮ ಥರ ಯಾರೂ ಹೇಳಿರ್ಲಿಲ್ಲ," ಎಂದ. "ಮೈ ಜುಮ್ಮಂತು. ನಿಜವಾಗ್ಲೂ ಮೂರ್ತಿನೇ ಬಂದಂಗಿತ್ತು."

ಸತ್ಯನಾರಾಯಣ ಒದ್ದೆ ಜೆರ್ಸಿಯನ್ನು ತೊಡೆಯ ಮೇಲೆ ಉಂಡೆ ಮಾಡಿಟ್ಟುಕೊಂಡು ಕೂತಿದ್ದ.

"ಅವನೆಲ್ಲಿ ಬರ್ತಾನಪ್ಪ," ಎಂದ.